ಹಳೇ ರೂಪದ ಹೊಸ ಗಾಡಿಗೆ ನಾಕು ಲಕ್ಷ ಸುರಿಯೋದು ಬರೋಬರಿ ಏನು?

ಕರಿಮಣ್ಣು_32 (ಕಲಬುರಗಿ), ಭಾನುವಾರ ರಾತ್ರಿ

ಎಲ್ಲರಿಗೂ ಶರಣು. ಭಾಳ ದಿನದಿಂದ ಇಲ್ಲಿ ಬರೇ ಓದಿ ಹೋಗ್ತಿದ್ದೆ, ಇವತ್ತು ಬರಿಯೋ ಪಾಳಿ ಬಂತು.

ನಂದು 110 ಸಿಸಿ ಗಾಡಿ, ಒಂಬತ್ತು ವರ್ಷ ಆಯ್ತು. ಮನಿ ಜೇವರ್ಗಿ ರಸ್ತಾಕ್ಕ, ನಾ ಪಾಠ ಹೇಳೋ ಕಾಲೇಜು ಸೇಡಂ ರಸ್ತಾಕ್ಕ. ಹೋಗಿ ಬರೋದು ದಿನಾ 14 ಕಿಲೋಮೀಟರ್. ಒಮ್ಮೊಮ್ಮೆ ಸಂಡೆ ಗಾಣಗಾಪುರ. ವರ್ಷದಾಗ ಎರಡು ಮೂರು ಸಲ ಬೀದರ್, ಅಲ್ಲಿ ಅಕ್ಕನ ಮನಿ ಅದ. ಇಷ್ಟೇ ನನ್ನ ಓಡಾಟ.

ಇವತ್ತು ಮುಂಜಾನೆ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬೈಕಿನ ಟ್ರಯಲ್ ನೋಡಿ ಬಂದೆ. ರಿಂಗ್ ರೋಡಿನಾಗ ಮೂರನೇ ಗೇರಿಗೆ ಹಾಕಿ ಎಕ್ಸಿಲೇಟರ್ ತಿರುವಿದಾಗ ಎದಿ ಝಲ್ ಅಂತು. ಮನಿಗೆ ಬಂದು ಕೊಟೇಶನ್ ಕಾಗದ ಬಿಚ್ಚಿದಾಗ ಇನ್ನೊಮ್ಮೆ ಝಲ್ ಅಂತು. ಎಲ್ಲಾ ಸೇರಿ ನಾಕು ಲಕ್ಷ ಮೂವತ್ತು ಸಾವಿರದ ಸಮೀಪ.

ಹೆಂಡತಿ ಒಂದೇ ಮಾತು ಕೇಳಿದ್ಲು: "ನೋಡಾಕ ನಮ್ಮ ದೊಡ್ಡಪ್ಪನ ಗಾಡಿ ಇದ್ದಂಗ ಅದ, ಹೊಸಾವಕ್ಕಿಂತ ತುಟ್ಟಿ ಯಾಕ?" ನನಗ ಉತ್ತರ ಕೊಡ್ಲಿಕ್ಕೆ ಬರಲಿಲ್ಲ. ಗುಂಡು ಲೈಟು, ಕ್ರೋಮ್, ಎರಡೂ ಕಡಿ ಸೈಲೆನ್ಸರ್. ಇದಕ್ಕ ಅಷ್ಟು ರೊಕ್ಕ ಕೊಡಬೇಕೇನು, ಇಲ್ಲಾ 350ರಾಗ ಒಂದು ತಗೊಂಡು ಸುಮ್ಮನಿರಬೇಕೋ? ಖರೇ ಇದ್ದಿದ್ದು ಹೇಳ್ರಿ.


ತೊಗರಿ_ಗೌಡ (ಜೇವರ್ಗಿ)

ಮಾಸ್ತರ, ಲೆಕ್ಕ ನಾ ಹೇಳ್ತೀನಿ. 2025-26ರ ತೊಗರಿ ಬೆಂಬಲ ಬೆಲಿ ಕ್ವಿಂಟಲ್‌ಗೆ 8,000. ನಿಮ್ಮ ಗಾಡಿ ಅಂದ್ರ 54 ಕ್ವಿಂಟಲ್. ನಮ್ಮ ಹೊಲದಾಗ ಎಕರೆಗೆ ನಾಕು ಬಂದ್ರ ದೇವರು ದೊಡ್ಡವ ಅಂತೀವಿ, ನೆಟೆ ರೋಗ ಹತ್ತಿದ್ರ ಅದೂ ಇಲ್ಲ. ಹಂಗಾರ ನೀವು ಹದಿಮೂರು ಎಕರೆ ತೊಗರಿ ಮ್ಯಾಲ ಕುಂತು ಕಾಲೇಜಿಗೆ ಹೋಗೋರು. ಆರಾಮ ಹೋಗಿ ಬರ್ರಿ.


ಸಗರನಾಡು_ಹುಡುಗ (ಸುರಪುರ)

ಗೌಡ್ರ, ಎಲ್ಲಾದಕ್ಕೂ ತೊಗರಿ ಲೆಕ್ಕ ಹಾಕಿದ್ರ ಮದವೀನೂ ಆಗಂಗಿಲ್ಲ.


ತೊಗರಿ_ಗೌಡ (ಜೇವರ್ಗಿ)

ಮದವಿನೂ ಅದೇ ಲೆಕ್ಕದಾಗೇ ಆಗ್ಯಾದ ತಮ್ಮಾ. ಮಗಳದು 90 ಕ್ವಿಂಟಲ್.


ಲೆಕ್ಕಿಗ (ಕಲಬುರಗಿ)

ಗೌಡರ ಲೆಕ್ಕ ಚೆನ್ನಾಗಿದೆ, ಆದರೆ ಬಿಲ್ಲನ್ನೂ ಒಮ್ಮೆ ಬಿಚ್ಚಿ ನೋಡಬೇಕು. ನಿಮ್ಮ ಮನೆಯವರ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

2025ರ ಸೆಪ್ಟೆಂಬರ್ 22ರಿಂದ ಬೈಕುಗಳ ಜಿಎಸ್‌ಟಿ ಎರಡು ದಾರಿ ಹಿಡಿಯಿತು. ಅದಕ್ಕೆ ಮೊದಲು 350 ಸಿಸಿವರೆಗಿನ ಗಾಡಿಗೆ ಶೇ. 28, ಅದನ್ನು ದಾಟಿದರೆ ಮೇಲೊಂದು ಶೇ. 3 ಸೆಸ್ ಸೇರಿ 31. ಅಂತರ ಬರೀ ಮೂರು. ಈಗ 350 ಸಿಸಿವರೆಗೆ ಶೇ. 18, ದಾಟಿದರೆ ಶೇ. 40. ಫ್ಯಾಕ್ಟರಿ ಬೆಲೆ ಎರಡೂವರೆ ಲಕ್ಷದ ಆಸುಪಾಸಿನಲ್ಲಿದ್ದರೆ ಈ ಒಂದೇ ಗೆರೆಯಿಂದ ಐವತ್ತು ಸಾವಿರಕ್ಕೂ ಹೆಚ್ಚು ವ್ಯತ್ಯಾಸ ಬರುತ್ತದೆ.

ಅದರ ಮೇಲೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್. ಲಕ್ಷ ರೂಪಾಯಿ ದಾಟಿದ ಬೈಕಿಗೆ ಶೇ. 18, ಸೆಸ್ ಬೇರೆ. ಇನ್ಶೂರೆನ್ಸಿನಲ್ಲಿಯೂ ಅದೇ ಗೆರೆ: ಹೊಸ ಗಾಡಿಗೆ ಕಡ್ಡಾಯವಾದ ಐದು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 150ರಿಂದ 350 ಸಿಸಿಗೆ 7,365 ರೂಪಾಯಿ, 350 ದಾಟಿದ ಕೂಡಲೇ 15,117. 2022ರಲ್ಲಿ ನಿಗದಿಯಾದ ದರ ಇದು.

ಸಾರ್, ನಿಮ್ಮ 4.30ರಲ್ಲಿ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಸರಕಾರದ ಪಾಲು. ಅದರಲ್ಲಿ ಕ್ರೋಮೂ ಇಲ್ಲ, ಗುಂಡು ದೀಪವೂ ಇಲ್ಲ. ಹಳೇ ರೂಪದ 350 ಗಾಡಿಗಳ ಎಂಜಿನ್ ಅಳತೆ ನೋಡಿ: ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 349, ಹೋಂಡಾ ಹೈನೆಸ್ 348, ಯೆಜ್ಡಿ 334. ಎಲ್ಲವೂ ಗೆರೆಯ ಈಚೆಗೇ ಕುಳಿತಿವೆ. ರೂಪ ಬೇಕು, ತೆರಿಗೆ ಬೇಡ ಎನ್ನುವವರಿಗೆ ದಾರಿ ಅಲ್ಲೇ ಇದೆ.


ಬಿದ್ರಿ_ಕಪ್ಪು (ಬೀದರ್)

ಲೆಕ್ಕಿಗ ಸಾಹೇಬ್ರ, ನಮ್ಮ ಸಡ್ಡಕ ತೆಲಂಗಾಣದ ಜಹೀರಾಬಾದಿನಾಗ ಹಾನ. ಅಲ್ಲಿ ಅವನ ಹೆಸರ್ಲೆ ಪಾಸಿಂಗ್ ಮಾಡ್ಸಿ ಇಲ್ಲಿ ಓಡಿಸಿದ್ರ ಏನಾಗ್ತದ?


ಲೆಕ್ಕಿಗ (ಕಲಬುರಗಿ)

ಏನಾಗ್ತದೆ ಅಂತ ಆರ್‌ಟಿಒದವರು ಹಿಡಿದ ದಿನ ತಿಳಿಯುತ್ತದೆ. ಇಲ್ಲಿ ಇಟ್ಟುಕೊಂಡು ಇಲ್ಲೇ ಓಡಿಸುವ ಗಾಡಿಗೆ ಇಲ್ಲಿಯ ತೆರಿಗೆ. ಜೊತೆಗೆ ಗಾಡಿ ಕಾಗದದ ಮೇಲೆ ಸಡ್ಡಕನದು, ನಿಮ್ಮದಲ್ಲ. ಸಂಬಂಧ ಕೆಟ್ಟರೆ ಗಾಡಿಯೂ ಹೋಯಿತು.


ಡುಗ್‌ಡುಗ್_ಕಾಕಾ (ವಾಡಿ)

ತಮ್ಮಾ ಕರಿಮಣ್ಣು, ನಾ ಹೇಳೋದು ಜರಾ ಉದ್ದ ಆಗ್ತದ, ಓದೋ ತಾಳ್ಮಿ ಇರಲಿ.

ನನ್ನ ಹತ್ರ 1987ರ ಬುಲೆಟ್ ಅದ. ಬೀಡು ಕಬ್ಬಿಣದ ಎಂಜಿನ್. ಸಿಮೆಂಟ್ ಫ್ಯಾಕ್ಟರಿ ಕೆಲಸಕ್ಕ ಸೇರಿದ ಮೂರನೇ ವರ್ಷ ತಗೊಂಡಿದ್ದು, ರಿಟೈರ್ ಆದ ಮ್ಯಾಲೂ ಅದೇ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ಹುಡುಗುರಿಗೆ ಕೊಟ್ರ ಬ್ರೇಕ್ ಅಂತ ಗೇರ್ ಒತ್ತತಾರ. ಚಾಲೂ ಮಾಡೋದೇ ಒಂದು ವಿದ್ಯಾ: ಅಮ್ಮೀಟರ್ ಮುಳ್ಳು ನೋಡಬೇಕು, ಎಂಜಿನ್ ಒಳಗಿನ ಒತ್ತಡ ಬಿಡೋ ಡಿಕಂಪ್ರೆಸರ್ ಹಿಡೀಬೇಕು, ಕಿಕ್ಕರ್ ಮೆಲ್ಲಕ ಇಳಿಸಿ ಪಿಸ್ಟನ್ ಎಲ್ಲಿ ಅದ ಅಂತ ಕಾಲಿಗೆ ಗೊತ್ತಾಗಬೇಕು, ಆಮ್ಯಾಲ ಒದಿಬೇಕು. ಗೊತ್ತಾಗಲಿಲ್ಲಂದ್ರ ಕಿಕ್ಕರ್ ತಿರುಗಿ ಮೀನಗಂಡಕ್ಕ ಹೊಡೀತದ. ಒಮ್ಮೆ ಹೊಡಿಸ್ಕೊಂಡವ ಜನ್ಮದಾಗ ಮರಿಯಂಗಿಲ್ಲ. ಮಳಿಗಾಲದಾಗ ಕಿಡಿ ಹಚ್ಚೋ ಪಾಯಿಂಟ್ ತೇವ ಆಗ್ತದ. ಜೇಬಿನಾಗ ಸ್ಯಾಂಡ್ ಪೇಪರ್ ಇಟ್ಕೊಂಡೇ ತಿರುಗಿದವ ನಾನು. ಗಾಡಿ ನಿಂತ ಕಡಿ ಎಣ್ಣಿ ಹನಿ ಬಿದ್ದೇ ಬೀಳ್ತಿತ್ತು. ನಮ್ಮವ್ವ ಅಂಗಳ ಸಾರಿಸುವಾಗೆಲ್ಲ ಬೈತಿದ್ಲು.

ಈ ಬುಲೆಟ್ ಅನ್ನೋ ಹೆಸರು 1932ರಿಂದ ಅದ, ಇಂಗ್ಲೆಂಡಿನ ರೆಡಿಚ್ ಊರಿಂದು. ಇಲ್ಲಿ ಮದ್ರಾಸಿನಾಗ 1955ರಿಂದ ಕೂಡಿಸಲಿಕ್ಕೆ ಶುರು ಮಾಡಿದ್ರು, ಮಿಲಿಟ್ರಿಗೆ ಅಂತ. ಇಂಗ್ಲೆಂಡಿನವರು ಫ್ಯಾಕ್ಟರಿ ಮುಚ್ಚಿದ ಮ್ಯಾಲೂ ನಮ್ಮವರು ಅದೇ ಗಾಡಿ ಮಾಡ್ತಾನೇ ಹೋದ್ರು. ನಂದು ರೆಟ್ರೋ, ಅಂದ್ರ ಹಳೇ ರೂಪದ ಹೊಸ ಗಾಡಿ, ಅಲ್ಲ ತಮ್ಮಾ. ಹಳೇದೇ ಬದಲಾಗದೇ ಉಳಿದದ್ದು. ನೀ ತಗೊಳ್ಳಾಕ ಹೊಂಟಿದ್ದು ಹಂಗಲ್ಲ, ಅದು ದೊಡ್ಡಾಟದ ರಾಜನ ಕಿರೀಟ. ದೂರಿಂದ ಬಂಗಾರ, ಹತ್ರ ಹೋದ್ರ ಬೆಗಡಿ ಕಾಗದ.


ಹೈದರಾಬಾದ್_ಹಾದಿ (ಹುಮನಾಬಾದ್)

ಕಾಕಾ ಹೇಳಿದ ಕಿರೀಟಕ್ಕೆ ಒಂದು ಸಾಕ್ಷಿ ನನ್ನ ಹತ್ರ ಇದೆ. ಮೂರು ವರ್ಷ ಟ್ರಯಂಫ್ ಬಾನವಿಲ್ ಇಟ್ಟುಕೊಂಡಿದ್ದೆ. ಈ ಜಾತಿಯ ಗಾಡಿ ಹತ್ತು ಲಕ್ಷದ ಮೇಲೆಯೇ. 1959ರಲ್ಲಿ ಮೊದಲು ಬಂದ ಹೆಸರು, ಅಮೆರಿಕದ ಉಪ್ಪಿನ ಬಯಲಿನ ನೆನಪಿಗೆ ಇಟ್ಟದ್ದು. ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಾಗ ಕಂಪನಿಯವರು ಏನು ಮಾಡಿದರು ಗೊತ್ತೇನ್ರಿ? ಇಂಜೆಕ್ಷನ್ನಿನ ಡಬ್ಬಿಗೇ ಹಳೇ ಕಾರ್ಬುರೇಟರ್ ಆಕಾರ ಕೊಟ್ಟುಬಿಟ್ಟರು. ನೋಡಿದವರು ಕಾರ್ಬುರೇಟರ್ ಅಂತಲೇ ತಿಳೀಬೇಕು. ಇಲ್ಲಿ ಜಾವಾ ಮತ್ತೆ ಬಂದಾಗಲೂ ಅದೇ ಆಟ. ಎಂಜಿನ್ ತಣ್ಣಗಿಡೋದು ರೇಡಿಯೇಟರಿನ ನೀರು, ಆದ್ರೂ ಸಿಲಿಂಡರ್ ಸುತ್ತ ಗಾಳಿಗೆ ಅಂತ ಪಟ್ಟಿ ಬಿಟ್ಟಾರೆ, ಹಳೇದರ ಮುಖ ಬರಬೇಕಲ್ಲ.

ಮಾರಿದ ಕಾರಣ ಬೇರೆ. ಗಾಡಿದು ಏನೂ ತಪ್ಪಿಲ್ಲ, ಬೆಣ್ಣಿ ಇದ್ದಂಗ ಇತ್ತು. ಆದರೆ ಸರ್ವಿಸಿಗೆ ಹೈದರಾಬಾದು. ಒಂದು ದಿನ ರಜೆ, ಪೆಟ್ರೋಲು, ಬಿಲ್ಲು. ಊರಾಗ ಹಾಲು ತರಲಿಕ್ಕೆ ಅದನ್ನ ತೆಗೆಯೋ ಮನಸ್ಸಾಗ್ತಿರಲಿಲ್ಲ, ಹಾಲಿಗೆ ಮನೀ ಸ್ಕೂಟಿನೇ. ಮೂರು ವರ್ಷದಾಗ ಓಡಿದ್ದು ಆರು ಸಾವಿರ ಕಿಲೋಮೀಟರ್. ಆ ಗಾಡಿಗೆ ನಾನು ಬರೋಬರಿ ಇರಲಿಲ್ಲ, ಅಷ್ಟೇ.


ಸ್ಪ್ಯಾನರ್_ಭಾಯ್ (ಕಲಬುರಗಿ)

ಕಾಕಾ, ನಿಮ್ಮ ಬುಲೆಟ್ ಎಂಜಿನ್ ಎಷ್ಟು ಸಲ ಬಿಚ್ಚೀವಿ ಅಂತ ಲೆಕ್ಕ ಇಟ್ಟೀರೇನು? ನಾ ಒಬ್ಬನೇ ನಾಕು ಸಲ. ನಮ್ಮ ಉಸ್ತಾದ್ ಅದಕ್ಕೂ ಮೊದಲು ಎಷ್ಟು ಸಲ ಬಿಚ್ಚಿದ್ರೋ. ಹೊಸಾ ಗಾಡಿ ತಗೊಳ್ಳೋರು ಆ ತ್ರಾಸು ಬ್ಯಾಡ ಅಂತಲೇ ರೊಕ್ಕ ಕೊಡ್ತಾರ. ರೂಪ ನಿಮ್ಮ ಗಾಡಿದು, ಹಣೆಬರಹ ಬ್ಯಾರೇದು. ಅದು ಸಣ್ಣ ಮಾತಲ್ಲ ಕಾಕಾ.

ಇಪ್ಪತ್ತೆರಡು ವರ್ಷದಿಂದ ಗ್ಯಾರೇಜಿನಾಗ ನೋಡಿದ್ದು ಹೇಳ್ತೀನಿ.

2021ರಿಂದ ಬಂದ ಕ್ಲಾಸಿಕ್‌ನಾಗ ವಾಲ್ವ್ ಎತ್ತೋ ಉದ್ದನ ಪುಶ್ ರಾಡ್ ಇಲ್ಲ. ಕ್ಯಾಮ್ ಮ್ಯಾಲ ಹೋಗ್ಯಾದ, ಒಳಗ ನಡುಕ ಕಡಿಮಿ ಮಾಡೋ ಬ್ಯಾಲೆನ್ಸರ್ ಶಾಫ್ಟ್ ಕೂಡ್ಸ್ಯಾರ. ಮೊದಲಿನ ಮಾಡೆಲ್ 80 ದಾಟಿದ್ರ ಕೈ ಜುಮ್ಮು ಹಿಡೀತಿತ್ತು, ಕನ್ನಡಿಯಾಗ ಹಿಂದಿನ ಲಾರಿ ನಾಕು ಕಾಣ್ತಿದ್ವು. ಈಗ ಒಂದೇ ಕಾಣ್ತದ. ಆ ಡುಗ್ ಡುಗ್ ಕಡಿಮಿ ಆತು ಅಂತ ಕೆಲವರು ಅಳ್ತಾರ. ಅಳೋರು ಸೈಲೆನ್ಸರ್ ಬದಲಿ ಮಾಡ್ಸಾಕ ಬರ್ತಾರ. ನಾ ಮಾಡಂಗಿಲ್ಲ. ಪೊಲೀಸ್ರು ಹಿಡದು ರೋಡ್ ರೋಲರ್ ಕೆಳಗ ಹಾಕಿದ್ದು ಕಣ್ಣಾರೆ ನೋಡೀನಿ.

ಎರಡನೇದು ಗಾಲಿ. ಇದನ್ನ ಯಾರೂ ಕೇಳಂಗಿಲ್ಲ. ಕಡ್ಡಿ ಗಾಲಿ ಚಂದ ಕಾಣ್ತದ, ಆದ್ರ ಒಳಗ ಟ್ಯೂಬು. ಮೇ ತಿಂಗಳು, 44 ಡಿಗ್ರಿ, ಜೇವರ್ಗಿ ದಾಟಿ ಹತ್ತು ಕಿಲೋಮೀಟರ್, ಹಿಂದಿನ ಗಾಲಿ ಪಂಕ್ಚರ್, ಗಾಡಿ 195 ಕಿಲೋ. ನೂಕ್ತೀರೇನು? ಅಲಾಯ್ ಗಾಲಿಗೆ ಟ್ಯೂಬ್‌ಲೆಸ್ ಟೈರ್ ಬರ್ತದ, ಮೊಳೆ ಚುಚ್ಚಿದ್ರೂ ಗಾಳಿ ಮೆಲ್ಲಕ ಹೋಗ್ತದ, ಊರು ಮುಟ್ಟಬಹುದು. ಕ್ಲಾಸಿಕ್‌ನಾಗೂ ಅಲಾಯ್ ಇರೋ ಮಾಡೆಲ್ ಅದ. ರೆಟ್ರೋ ಅಂತ ಹಟ ಹಿಡದು ಕಡ್ಡಿ ಗಾಲಿ ತಗೊಂಡವರು ನಾಕು ತಿಂಗಳಿಗೆ ನನ್ನ ಹತ್ರ ಬಂದು ಅಲಾಯ್ ಹಾಕ್ಸಾಕ ಎಷ್ಟಾಗ್ತದ ಅಂತ ಕೇಳ್ತಾರ.

ಮೂರನೇದು 650. ಅದರ ಕೆಲಸ ನಾ ಮಾಡ್ತೀನಿ, ಆದ್ರ ಕಲಬುರಗ್ಯಾಗ ಅದನ್ನ ಪೂರಾ ಬಿಚ್ಚಿ ಕೂಡ್ಸೋ ಕೈ ಭಾಳ ಇಲ್ಲ. 350 ಆದ್ರ ಆಳಂದ, ಚಿತ್ತಾಪುರ, ಶಹಾಪುರ, ಎಲ್ಲಿ ನಿಂತ್ರೂ ಒಬ್ಬ ಮಿಸ್ತ್ರಿ ಸಿಗ್ತಾನ.


ಬಿದ್ರಿ_ಕಪ್ಪು (ಬೀದರ್)

ಭಾಯ್ ಹೇಳಿದ್ದೆಲ್ಲಾ ಖರೆ. ಆದ್ರ 650 ನಂದೇ ಅದ, ನಾಕು ವರ್ಷಾಯ್ತು, ಅದಕ್ಕ ನಾನೂ ಒಂದು ಮಾತು ಹೇಳ್ಲತ್ತೀನಿ.

ಕಾಕಾ ಬೆಗಡಿ ಅಂದ್ರು. ನಮ್ಮ ಮನಿತನ ಬಿದ್ರಿ ಕೆಲಸದ್ದು, ಬೆಗಡಿ ಯಾವ್ದು ಬೆಳ್ಳಿ ಯಾವ್ದು ನಮಗ ಗೊತ್ತಾಗ್ತದ. ಬಿದ್ರಿ ಹೂದಾನಿ ಒಳಗ ಇರೋದು ಸತುವು, ಜರಾ ತಾಮ್ರ. ತೂಕಕ್ಕ ಹಾಕಿದ್ರ ಏನೂ ಬೆಲಿ ಇಲ್ಲ. ಉಳಿಲೆ ಗೀರು ತೆಗೆದು ಬೆಳ್ಳಿ ತಂತಿ ಕೂಡ್ಸಿ, ಕ್ವಾಟಿ ಮಣ್ಣು ಹಚ್ಚಿ ಕಪ್ಪು ಮಾಡ್ತೀವಲ್ಲ, ಆ ಕೈಗೆ ಬೆಲಿ. ಹಂಗೇ ನಾ ಗಾಡಿ ನೋಡಿದ್ರ ಮೊದಲು ಹುಡುಕೋದು ಕೈ ಎಲ್ಲಿ ಅದ ಅಂತ. ಈ ರೆಟ್ರೋ ಗಾಡಿ ಮ್ಯಾಲ ಸ್ಟಿಕ್ಕರ್ ಭಾಳ, ಕೈ ಕಡಿಮಿ. ಬುಲೆಟ್ ಟ್ಯಾಂಕಿನ ಮ್ಯಾಲಿನ ಬಂಗಾರದ ಗೆರಿ ಮಾತ್ರ ಚೆನ್ನೈ ಫ್ಯಾಕ್ಟರಿಯಾಗ ಮನುಷ್ಯಾ ಕುಂಚ ಹಿಡದು ಎಳೀತಾನ. ಒಂದೇ ಉಸಿರಿನಾಗ ಎಳೆಯೋದು. ಅದಕ್ಕ ನಾ ಸಲಾಂ ಹೊಡೀತೀನಿ. ಆ ಗೆರಿ ಇರೋ ಗಾಡಿ ಅವರ ಸಾಲಿನಾಗ ತುಟ್ಟಿದಲ್ಲ ಅನ್ನೋದು ಇನ್ನೊಂದು ತಮಾಷಿ.

ಮತ್ತ 650 ಯಾಕ ತಗೊಂಡಿ ಅಂದ್ರ ಎಂಜಿನ್ ಸಲುವಾಗಿ. ಆ ಎಂಜಿನ್ನು ವೇಷ ಅಲ್ರಿ. 2018ರಾಗ ಪೂರಾ ಹೊಸದಾಗಿ ಮಾಡಿದ್ದು. 648 ಸಿಸಿ, ಎರಡು ಸಿಲಿಂಡರ್, 47 ಕುದುರಿ ಶಕ್ತಿ. ಪಿಸ್ಟನ್‌ಗೆ ಕೂಡಿದ ಕ್ರ್ಯಾಂಕ್ 270 ಡಿಗ್ರಿ ಇಟ್ಟಾರ, ಅದಕ್ಕ ಎರಡು ಹೊಡತ ಒಂದಾದ ಮ್ಯಾಲ ಒಂದು ಸಮ ಬರಂಗಿಲ್ಲ, ಓರೆಯಾಗಿ ಬರ್ತಾವ. ಆ ದನಿ ಅದ್ರಿಂದ ಬಂದದ್ದು, ಸೈಲೆನ್ಸರಿಂದಲ್ಲ. ಬೀದರ್‌ದಿಂದ ಹೈದರಾಬಾದಿಗೆ ತಿಂಗಳಿಗೆ ಎರಡು ಸಲ ಮಾಲು ಕೊಡಾಕ ಹೋಗ್ತೀನಿ. ಹೈವೇದಾಗ 100ರ ಮ್ಯಾಲ ಅದು ಬೆವರೋದಿಲ್ಲ. ಆ ಹಾದಿ ಇರೋದ್ಕ ನನಗ ಬರೋಬರಿ ಅನಸ್ತದ. ದಿನಾ 14 ಕಿಲೋಮೀಟರ್ ಅಂದ್ರಿ, ಅದಕ್ಕ ನಾ ಹೂಂ ಅನ್ನಂಗಿಲ್ಲ. ಸಿಗ್ನಲ್‌ದಾಗ ನಿಂತ್ರ ಕಾಲಿಗೆ ಒಲಿ ಮುಂದ ಕುಂತಂಗ ಆಗ್ತದ.

ದೀಪಾವಳಿಗೆ ಅಕ್ಕನ ಮನಿಗೆ ಬರ್ತೀರಲ್ಲ, ಬರ್ರಿ. ಹುಮನಾಬಾದಿನ ತನಕ ಓಡ್ಸಿ ನೋಡ್ರಿ.


ಸಗರನಾಡು_ಹುಡುಗ (ಸುರಪುರ)

ಎಲ್ಲಾರೂ ಡುಗ್ ಡುಗ್ ಅಂತೀರಿ. ನಂದು ಟ್ರಯಂಫ್ ಸ್ಪೀಡ್ 400. ಗುಂಡು ಲೈಟ್ ಅದ, ಟ್ಯಾಂಕ್ ಹಳೇ ಆಕಾರ ಅದ. ಒಳಗ 398 ಸಿಸಿ, ನೀರಿನಿಂದ ತಣ್ಣಗಾಗೋ ಎಂಜಿನ್, 40 ಕುದುರಿ. ತೂಕ 176 ಕಿಲೋ. ಪುಣೆ ಹತ್ರ ಚಾಕಣದಾಗ ಬಜಾಜ್‌ದವರೇ ಮಾಡ್ತಾರ. 2023ರಾಗ ಬಂದಾಗ 650ಕ್ಕಿಂತ ಎಷ್ಟೋ ಸೋವಿ ಇತ್ತು. ಕ್ಲಾಸಿಕ್‌ನಂಥ 350ರ ಗಾಡಿಗಳು 20 ಕುದುರಿ ಕೊಡ್ತಾವ, ನಂದು ಅದರ ಎರಡರಷ್ಟು. ಲೆಕ್ಕ ಹಾಕ್ರಿ, ಕುದುರಿಗೆ ಎಷ್ಟು ಬಿತ್ತು?


ಡುಗ್‌ಡುಗ್_ಕಾಕಾ (ವಾಡಿ)

ತಮ್ಮಾ, ನಿನ್ನ 40 ಕುದುರಿ 8,000 ಆರ್‌ಪಿಎಂಗೆ ಬರ್ತಾವ. ನಿಮ್ಮೂರ ಸಂತ್ಯಾಗ, ಎಮ್ಮಿ ಅಡ್ಡ ಬರೋ ರಸ್ತಾದಾಗ ಯಾವಾಗ ಎಣಿಸ್ತಿ ಅವನ್ನ? ಕ್ಲಾಸಿಕ್‌ನಾಗ ಪಿಸ್ಟನ್ ಅಗಲ 72 ಮಿಲಿಮೀಟರ್, ಅದು ಓಡಾಡೋ ಉದ್ದ 85.8. ಉದ್ದ ಹೊಡತ. ಅದಕ್ಕ 4,000ದಾಗೇ ಪೂರಾ ಜಗ್ತದ. ನಾಕನೇ ಗೇರಿನಾಗ ಟ್ರ್ಯಾಕ್ಟರ್ ಹಿಂದ ಹೋಗಿ, ದಾರಿ ಸಿಕ್ಕಾಗ ಗೇರ್ ಇಳಿಸದೇ ಮುಂದ ಹೋಗಬಹುದು. ಎತ್ತಿಗೂ ಕುದುರಿಗೂ ಫರಕ ಅದ.


ಸಗರನಾಡು_ಹುಡುಗ (ಸುರಪುರ)

ಎತ್ತಿಗೆ ಎರಡು ಲಕ್ಷ ಕೊಡೋರಿಗೆ ಏನು ಹೇಳೋದು ಕಾಕಾ.


ತೊಗರಿ_ಗೌಡ (ಜೇವರ್ಗಿ)

ಒಂದು ಜೋಡಿ ಖಿಲಾರಿ ಎತ್ತಿನ ರೇಟ್ ಕೇಳೀಯೇನು ಈಗ? ಸಂತಿಗೆ ಬಾ ಒಮ್ಮೆ.


ಯಾದಗಿರಿ_ಅಕ್ಕ (ಯಾದಗಿರಿ)

ಇಷ್ಟು ಜನ ಬರೆದೀರಿ, ಒಬ್ಬರಾದರೂ ಗಾಡಿ ಮೇಲೆ ಕೂಡೋರ ಎತ್ತರ ಕೇಳಲಿಲ್ಲ.

ನಾನು ನರ್ಸ್. ಐದಡಿ ಎರಡಂಗುಲ. ಎರಡು ವರ್ಷದಿಂದ ರೆಟ್ರೋ 350 ಓಡಿಸ್ತೀನಿ, ಯಾವ ಕಂಪನಿದು ಅಂತ ಹೇಳೋದಿಲ್ಲ, ಕಾರಣ ಮುಂದೆ ಬರ್ತದೆ. ಈ ಜಾತಿಯ ಗಾಡಿಗಳ ಸೀಟು ಎಲ್ಲಾ 800 ಮಿಲಿಮೀಟರ್ ಆಸುಪಾಸಿನಾಗೇ ಇರ್ತಾವು, 650ದೂ ಅಷ್ಟೇ. ಎತ್ತರ ತೊಂದರೆ ಅಲ್ಲ, ತೂಕ ತೊಂದರೆ. ಓಡುವಾಗ ಹೂವಿನಂಗ ಇರ್ತದೆ. ನೈಟ್ ಡ್ಯೂಟಿ ಮುಗಿಸಿ ಬಂದಾಗ ಆಸ್ಪತ್ರಿ ಪಾರ್ಕಿಂಗಿನಾಗ ಯಾರೋ ಅಡ್ಡ ಗಾಡಿ ನಿಲ್ಲಿಸಿರ್ತಾರೆ, ಆಗ ಹಿಂದಕ್ಕ ಎಳಿಯೋದೈತಲ್ಲ, ಅವತ್ತು ಕಂಪನಿಯವರ ಏಳು ತಲಿ ನೆನಸ್ಕೋತೀನಿ. 650 ಅಂದ್ರ ಎಣ್ಣಿ ಪೆಟ್ರೋಲ್ ತುಂಬಿ 200 ಕಿಲೋ ದಾಟ್ತದೆ. ಮಾಸ್ತರೇ, ನಿಮ್ಮ ಮನೀ ಮುಂದೆ ಏರು ಐತೇನು? ಗೇಟಿನೊಳಗೆ ತಿರುಗಿಸಲಿಕ್ಕೆ ಜಾಗ ಐತೇನು? ಶೋರೂಮಿನ ಸಪಾಟು ಟೈಲ್ಸ್ ಮೇಲೆ ಇದು ತಿಳಿಯೋದಿಲ್ಲ.

ಇನ್ನು ನನ್ನ ಕಂಪನಿ ಸಂಕಟ. ಮೊದಲನೇ ಮಳೆಗಾಲಕ್ಕೇ ಸೈಲೆನ್ಸರ್ ಬೆಂಡಿನ ಕ್ರೋಮ್ ಮೇಲೆ ಚುಕ್ಕಿ ಚುಕ್ಕಿ ತುಕ್ಕು. ತೋರಿಸಿದ್ರೆ "ಮೇಡಂ, ನೀವು ಒರೆಸಿ ಇಡಬೇಕಿತ್ತು" ಅಂದ್ರು. ಎರಡು ಲಕ್ಷದ ಮೇಲೆ ಕೊಟ್ಟು ದಿನಾ ದೇವರ ಪೂಜಾ ಪಾತ್ರೆ ತಿಕ್ಕಿದಂಗ ಸೈಲೆನ್ಸರ್ ತಿಕ್ಕಬೇಕಂತೆ. ವಾದ ಮಾಡಿ ಮಾಡಿ ಐದು ವಾರಕ್ಕೆ ಬದಲಿ ಮಾಡಿಸ್ಕೊಂಡೆ. ಪ್ಲಾಸ್ಟಿಕ್ ಗಾಡಿಗೆ ಈ ಕಾಟ ಇಲ್ಲ. ಕ್ರೋಮ್ ಬೇಕಂದ್ರೆ ಒರೆಸೋ ಬಟ್ಟೆಗೂ ಟೈಮಿಗೂ ರೊಕ್ಕ ಸೇರಿಸ್ಕೊಳ್ರಿ.

ಮತ್ತೆ ಯಾಕ ಇಟ್ಕೊಂಡೀ ಅಂತ ಕೇಳ್ತೀರಿ. ಸಿಗ್ನಲಿನಾಗ "ಯಾರದ್ರಿ ಗಾಡಿ, ನಿಮ್ಮ ಯಜಮಾನ್ರದಾ?" ಅಂತ ಕೇಳೋರಿಗೆ "ನಂದೇ" ಅನ್ನೋದೈತಲ್ಲ, ಅದಕ್ಕೆ ಲೆಕ್ಕಿಗರು ಯಾವ ಟ್ಯಾಕ್ಸ್ ಹಾಕ್ತಾರೋ ನೋಡ್ತೀನಿ.


ಲೆಕ್ಕಿಗ (ಕಲಬುರಗಿ)

ಅದು ಸಂಪೂರ್ಣ ವಿನಾಯಿತಿ, ಅಕ್ಕ.


ಕರಿಮಣ್ಣು_32 (ಕಲಬುರಗಿ)

ಅಕ್ಕ, ನಮ್ಮ ಮನಿ ಮುಂದ ಏರು ಅದ. ಇಷ್ಟು ದಿನ ಅದು ಏರು ಅಂತ ಅನಿಸಿದ್ದೇ ಇಲ್ಲ. ನಿಮ್ಮದು ಓದಿ ಹೊರಗ ಹೋಗಿ ನೋಡಿ ಬಂದೆ.

ಇನ್ನೊಂದು ವಿಚಾರ ತಲ್ಯಾಗ ಬಂತು. ಆಳಂದ ಹತ್ರ ನಮ್ಮ ಮಾಮಾನ ಹೊಲದಾಗ ಯೆಜ್ಡಿ ಒಂದು ಕೊಟ್ಟಿಗ್ಯಾಗ ಬಿದ್ದಾದ. ಮೈಸೂರಾಗ ಮಾಡಿದ್ದು, ಎಂಬತ್ತರ ಆಸುಪಾಸಿಂದು. ಮಾಮಾ ಪುಕಟ ಒಯ್ಯಿ ಅಂತಾನ. ಅದನ್ನೇ ರೆಡಿ ಮಾಡ್ಸಿದ್ರ? ಖರೇ ಹಳೇದು, ನಾಕು ಲಕ್ಷನೂ ಬ್ಯಾಡ.


ಸ್ಪ್ಯಾನರ್_ಭಾಯ್ (ಕಲಬುರಗಿ)

ಪುಕಟ ಗಾಡಿಯಷ್ಟು ತುಟ್ಟಿ ಗಾಡಿ ಇಲ್ಲ ಮಾಸ್ತರ. ಮೈಸೂರು ಫ್ಯಾಕ್ಟರಿ 1996ಕ್ಕ ಬಂದ್ ಆಗ್ಯಾದ. ಕಾರ್ಬುರೇಟರ್, ಟ್ಯಾಂಕು, ಮಡ್‌ಗಾರ್ಡು ಅಂತ ಒಂದೊಂದಕ್ಕೂ ಒಂದೊಂದು ಊರು ಹುಡುಕಬೇಕು. ಕ್ರ್ಯಾಂಕ್ ಹಿಡದಿತ್ತಂದ್ರ ಮುಗೀತು. ಮಾಡ್ಸೋದೇ ಆದ್ರ ಪ್ರೀತಿ ಸಲುವಾಗಿ ಮಾಡ್ಸ್ರಿ, ಕಾಲೇಜಿಗೆ ಹೋಗೋ ಸಲುವಾಗಿ ಬ್ಯಾಡ. ಟೂ ಸ್ಟ್ರೋಕ್, ಹೊಗಿ. ನಿಮ್ಮ ಹುಡುಗುರೇ ಹಿಂದಿಂದ ಕೆಮ್ಮತಾರ.


ಲೆಕ್ಕಿಗ (ಕಲಬುರಗಿ)

ಮೊದಲು ಆರ್‌ಸಿ ಇದೆಯೇ ನೋಡಿ, ನಂತರ ಪಿಸ್ಟನ್. ಇಪ್ಪತ್ತು ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣ ಶುಲ್ಕ 2025ರಲ್ಲಿ 2,000 ರೂಪಾಯಿಗೆ ಏರಿದೆ. ಹಸಿರು ತೆರಿಗೆ, ಎಫ್‌ಸಿ, ಇಷ್ಟು ವರ್ಷದ ಬಾಕಿ ಎಲ್ಲ ಪ್ರತ್ಯೇಕ. ವಿಂಟೇಜ್ ಅಂತ ಮಾಡಿಸೋಣ ಅನ್ನುವವರಿಗೆ 2021ರ ನಿಯಮ ಹೇಳುವುದು ಐವತ್ತು ವರ್ಷ ದಾಟಿರಬೇಕು ಎಂದು. ಅದಕ್ಕೆ ಶುಲ್ಕ 20,000, ಮೇಲಾಗಿ ದಿನಬಳಕೆಗೆ ಓಡಿಸುವಂತಿಲ್ಲ. ನಿಮ್ಮ ಮಾಮಾನ ಯೆಜ್ಡಿ ಅದಕ್ಕೂ ಸೇರದು, ಇದಕ್ಕೂ ಸೇರದು.


ಡುಗ್‌ಡುಗ್_ಕಾಕಾ (ವಾಡಿ)

ಆ ಯೆಜ್ಡಿ ಗುಜರಿಗೆ ಹಾಕಬ್ಯಾಡ್ರೀ ಯಪ್ಪಾ. ಯಾರೂ ಒಯ್ಯಲಿಲ್ಲಂದ್ರ ನನಗ ಹೇಳ್ರಿ. ಟೆಂಪೋ ತಗೊಂಡು ನಾನೇ ಬರ್ತೀನಿ.


ಕರಿಮಣ್ಣು_32 (ಕಲಬುರಗಿ), ದೀಪಾವಳಿ ಮುಗಿದ ಮೂರನೇ ದಿನ

ಬೀದರಿಗೆ ಹೋಗಿ ಬಂದೆ. ಬಿದ್ರಿ ಅಣ್ಣನ 650 ಹುಮನಾಬಾದಿನ ತನಕ ಓಡಿಸಿದೆ. ಅವರು ನನ್ನ 110 ಮ್ಯಾಲ ಹಿಂದ ಬಂದ್ರು, ದೊಡ್ಡ ಮನಸ್ಸು.

ಖರೇ ಹೇಳ್ತೀನಿ, ಹೈವೇದಾಗ ಅದು ಬ್ಯಾರೆ ಲೋಕ. ಲಾರಿ ದಾಟೋ ಮುಂದ ಎರಡು ಸಲ ವಿಚಾರ ಮಾಡೋದಿಲ್ಲ. 110 ಮ್ಯಾಲ ಲಾರಿ ದಾಟಬೇಕಂದ್ರ ನಾ ಒಂದು ಕಿಲೋಮೀಟರ್ ಮೊದಲಿಂದ ಶರಣಬಸಪ್ಪನ ನೆನೀತೀನಿ. ಹುಮನಾಬಾದಿನಾಗ ಚಾ ಕುಡಿಯೋ ಮುಂದ ಐದಾರು ಮಂದಿ ಬಂದು ಎಷ್ಟು ಬಿತ್ತು, ಎಷ್ಟು ಕೊಡ್ತದ ಅಂತ ಕೇಳಿದ್ರು. ನಂದಲ್ಲ ಅಂತ ಹೇಳೋ ಮನಸ್ಸೇ ಬರಲಿಲ್ಲ. ಬಿದ್ರಿ ಅಣ್ಣ ಬಾಜೂಕ ನಿಂತು ನಗ್ತಿದ್ರು.

ಆಮ್ಯಾಲ ಊರೊಳಗ ಬಂದ್ವಿ. ಬಜಾರದಾಗ ಇಪ್ಪತ್ತು ನಿಮಿಷ. ಅಷ್ಟರಾಗ ಬಲಗಾಲಿನ ಪ್ಯಾಂಟು ಇಸ್ತ್ರಿ ಆಗಿತ್ತು. ದೀಪಾವಳಿ ಚಳ್ಯಾಗೇ ಹಿಂಗಂದ್ರ ಮೇ ತಿಂಗಳು? ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಬಜಾರದ ಗದ್ದಲದಾಗ?

ಹೊಳ್ಳಿ ಬರೋ ಮುಂದ ನನ್ನ 110 ಮ್ಯಾಲ ಕಮಲಾಪುರದ ಹತ್ರ ನಿಂತು ಕೆಂಪು ಬಾಳೆಹಣ್ಣು ತಗೊಂಡೆ. ಅಲ್ಲೇ ಕುಂತು ಲೆಕ್ಕ ಹಾಕಿದೆ. ವರ್ಷಕ್ಕ ನನ್ನ ಹೈವೇ ಓಡಾಟ ಎಲ್ಲಾ ಸೇರಿ ಒಂದೂವರೆ ಸಾವಿರ ಕಿಲೋಮೀಟರ್. ಉಳಿದಿದ್ದು ಸಿಗ್ನಲ್ಲು, ಹಂಪು, ಕಾಲೇಜು ಗೇಟು. ಆ ಒಂದೂವರೆ ಸಾವಿರಕ್ಕ 350 ಸಾಕು, ಲಾರಿ ದಾಟ್ಲಿಕ್ಕೆ ಅರ್ಧ ಕಿಲೋಮೀಟರ್ ಮೊದಲು ಶರಣಬಸಪ್ಪನ ನೆನೆದ್ರ ಆಯ್ತು.

ನಿನ್ನೆ ಕ್ಲಾಸಿಕ್ 350 ಬುಕ್ ಮಾಡೀನಿ. ಅಲಾಯ್ ಗಾಲಿಂದು, ಟ್ಯೂಬ್‌ಲೆಸ್. 650ಕ್ಕೂ ಇದಕ್ಕೂ ಲಕ್ಷ ಅರವತ್ತು ಸಾವಿರ ಫರಕ ಬಂತು. ಹೆಂಡತಿಗೆ ಹೇಳಿದೆ, "ಆ ಫರಕದಾಗ ಭಾಳಷ್ಟು ಟ್ಯಾಕ್ಸು." ಆಕಿ ಅಂದ್ಲು, "ಹಂಗಾರ ಉಳಿದ ರೊಕ್ಕದಾಗ ಅಡಿಗಿ ಮನಿ ಕಟ್ಟಿಗೆ ಗ್ರಾನೈಟ್ ಹಾಕ್ಸ್ರಿ." ಶಹಾಬಾದ್ ಕಲ್ಲೇ ಚೊಲೊ ಅಂತ ನಾ, ಗ್ರಾನೈಟೇ ಅಂತ ಆಕಿ. ಆ ಚರ್ಚಾ ಬ್ಯಾರೆ.


ಡುಗ್‌ಡುಗ್_ಕಾಕಾ (ವಾಡಿ)

ಕ್ಲಾಸಿಕ್‌ಗೆ ಅಲಾಯ್ ಗಾಲಿ! ಧೋತರಕ್ಕ ಬೆಲ್ಟ್ ಕಟ್ಟಿದಂಗಾತು. ಇರಲಿ, ಶುಭವಾಗಲಿ ತಮ್ಮಾ. ವಾಡಿಗೆ ಬಂದಾಗ ತೋರ್ಸು. ಯೆಜ್ಡಿದು ಏನಾಯ್ತು?


ಕರಿಮಣ್ಣು_32 (ಕಲಬುರಗಿ)

ಮಾಮಾಗ ಹೇಳೀನಿ ಕಾಕಾ. ಆರ್‌ಸಿ ಹುಡುಕಲಿಕತ್ತಾನ. ಟ್ರಂಕಿನಾಗ ಅದ ಅಂತಾನ, ಯಾವ ಟ್ರಂಕು ಅಂತ ಅವಂಗೇ ಗೊತ್ತಿಲ್ಲ.


ಸ್ಪ್ಯಾನರ್_ಭಾಯ್ (ಕಲಬುರಗಿ)

ಮುಬಾರಕ್ ಮಾಸ್ತರ. ಮೊದಲನೇ ಸರ್ವಿಸ್ ಆಗೋತನಕ ಜಾಸ್ತಿ ತಿರುವಬ್ಯಾಡ್ರಿ, ಇಬ್ಬರು ಕುಂತು ಏರು ಹತ್ತೋ ಮುಂದ ಗೇರ್ ಇಳಿಸ್ರಿ, ಜಗ್ಗಿಸಬ್ಯಾಡ್ರಿ. ಚೈನ್‌ಗೆ 500 ಕಿಲೋಮೀಟರ್‌ಗೊಮ್ಮೆ ಎಣ್ಣಿ. ನಮ್ಮ ಧೂಳಿನಾಗ ಅದಕ್ಕಿಂತ ಮೊದಲೇ ಬೇಕಾಗ್ತದ.


ಸಗರನಾಡು_ಹುಡುಗ (ಸುರಪುರ)

20 ಕುದುರಿ ಮಾಸ್ತರ! ಇರಲಿ ಬಿಡ್ರಿ, ಮಸ್ತ್ ಗಾಡಿ. ಬಣ್ಣ ಯಾವ್ದು?


ಯಾದಗಿರಿ_ಅಕ್ಕ (ಯಾದಗಿರಿ)

ಬಣ್ಣ ಆಮ್ಯಾಲೆ. ಚಂದ ಕಾಣಲಿ ಅಂತ ಸೀರಿ ಗಾರ್ಡ್ ಬಿಚ್ಚಿಸಿ ತಗೊಳ್ಳೋರು ಭಾಳ ಜನ ಇರ್ತಾರೆ. ಮಾಸ್ತರೇ, ಗಾರ್ಡ್ ಇರಲಿ ಅಂತ ಶೋರೂಮಿನವರಿಗೆ ಹೇಳೀರೋ ಇಲ್ಲೋ? ಹಿಂದೆ ಕೂಡೋರನ್ನ ಟ್ರಯಲ್ಲಿಗೆ ಕರ್ಕೊಂಡು ಹೋಗಿದ್ರೇನು?


ಕರಿಮಣ್ಣು_32 (ಕಲಬುರಗಿ)

ಇಲ್ಲ. ಈಗಲೇ ಫೋನ್ ಹಚ್ಚಲಿಕತ್ತೀನಿ.